ವೈಲ್ಡ್‌ಫ್ಲೈ ಸರ್ವರ್: ಪ್ಯಾಕೇಜ್ ಹಗುರವಾಗಿರಲಿ

ಜಾವಾದಲ್ಲಿ ಬರೆದ ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್ ಸಾಫ್ಟ್‌ವೇರ್ ವೈಲ್ಡ್‌ಫ್ಲೈ. ಅದು ಯಾಕೆ ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಅದರ ಒಂದು ಫೋಲ್ಡರನ್ನು. ಸ್ಟ್ಯಾಂಡಲೋನ್ ಒಳಗಿನ ಡಿಪ್ಲಾಯ್‌ಮೆಂಟ್ಸ್ ಫೋಲ್ಡರ್. ಡಿಪ್ಲಾಯ್ ಅಂದರೆ ಅಪ್ಲಿಕೇಶನ್ನನ್ನು ಸರ್ವರ್ ಮೇಲೆ ಏರಿಸಿ ಓಡಿಸುವುದು. ಅಲ್ಲಿ ಒಂದು ವಾರ್ ಫೈಲ್ (ವೆಬ್ ಅಪ್ಲಿಕೇಶನ್‌ನ ಪೂರ್ತಿ ಕಟ್ಟು) ಹಾಕಿ ಸುಮ್ನೆ ನೋಡುತ್ತಾ ಇರಿ. ಸ್ಕ್ಯಾನರ್ 5 ಸೆಕೆಂಡಿಗೊಮ್ಮೆ ಬಂದು ಇಣುಕುತ್ತದೆ. ಹೊಸ ಫೈಲ್ ಕಂಡರೆ ಅದರ ಪಕ್ಕದಲ್ಲೇ ಡಾಟ್ ಈಸ್‌ಡಿಪ್ಲಾಯಿಂಗ್ ಅಂತ ಚಿಕ್ಕ ಫೈಲೊಂದು ಹುಟ್ಟುತ್ತದೆ, ಕೆಲಸ ಸರಿಯಾಗಿ ಮುಗಿದರೆ ಅದು ಹೋಗಿ ಡಾಟ್ ಡಿಪ್ಲಾಯ್ಡ್ ಬರುತ್ತದೆ, ಎಲ್ಲಾದರೂ ಕೈಕೊಟ್ಟರೆ ಡಾಟ್ ಫೇಲ್ಡ್. ಆ ಫೇಲ್ಡ್ ಫೈಲನ್ನು ತೆರೆದರೆ ಯಾಕೆ ಕೈಕೊಟ್ಟಿತು ಅನ್ನುವುದೂ ಒಳಗೇ ಇರುತ್ತದೆ. ಅಪ್ಲಿಕೇಶನ್ ಸರ್ವರ್‌ನಿಂದ ತೆಗೆಯಬೇಕಾ? ಡಿಪ್ಲಾಯ್ಡ್ ಫೈಲ್ ಅಳಿಸಿದರೆ ಸಾಕು. ಸರ್ವರ್ ಏನು ಮಾಡುತ್ತಿದೆ ಅನ್ನುವುದು ಬರೀ ಫೈಲ್ ಹೆಸರು ನೋಡಿದರೇ ಗೊತ್ತಾಗುತ್ತದೆ. ಹೊಸಬರಿಗೆ ಕಲಿಸುವಾಗ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಹಳೆಯ ಜೆಬಾಸ್ ಎಎಸ್ (ಅಪ್ಲಿಕೇಶನ್ ಸರ್ವರ್) ಇದೇ. 2014ರಲ್ಲಿ 8ನೇ ಆವೃತ್ತಿ ಬಂದಾಗ ಹೆಸರು ವೈಲ್ಡ್‌ಫ್ಲೈ ಆಯಿತು. ಹಿಂದೆ ನಿಂತು ಬೆಳೆಸಿದ್ದು ರೆಡ್ ಹ್ಯಾಟ್. ದುಡ್ಡು ಕೊಟ್ಟು ಸಪೋರ್ಟ್ ತಗೊಳ್ಳುವವರಿಗೆ ಜೆಬಾಸ್ ಇಎಪಿ ಇದೆ, ಉಳಿದವರಿಗೆ ಇದು ಪುಕ್ಕಟೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ವೈಲ್ಡ್‌ಫ್ಲೈ ಸರಿಯಿಲ್ಲ, ಬರೀ ಎರರ್ ಬರುತ್ತದೆ ಅಂತ ಬೈಯುವವರ ವಾರ್ ಫೈಲನ್ನು ಬಿಚ್ಚಿ ನೋಡಿ. ಲೈಬ್ರರಿಗಳನ್ನು ಇಡುವ ವೆಬ್-ಇನ್ಫ್ ಲಿಬ್ ಒಳಗೆ ಹೈಬರ್ನೇಟ್ ಇರುತ್ತದೆ, ಸರ್ವ್ಲೆಟ್ ಎಪಿಐ ಇರುತ್ತದೆ, ರೆಸ್ಟ್‌ಈಸಿ ಇರುತ್ತದೆ, ಮೂರ್ನಾಲ್ಕು ಲಾಗಿಂಗ್ ಜಾರ್‌ಗಳಿರುತ್ತವೆ (ಜಾರ್ ಅಂದರೆ ಜಾವಾ ಲೈಬ್ರರಿ ಫೈಲ್). ಇವುಗಳಲ್ಲಿ ಬಹುಪಾಲು ಸರ್ವರ್‌ನಲ್ಲೇ ಇವೆ! ಮದುವೆ ಊಟಕ್ಕೆ ಹೋಗುವವರು ಮನೆಯಿಂದ ಅಕ್ಕಿ ಬೇಳೆ ಹೊತ್ತುಕೊಂಡು ಹೋಗುವುದಿಲ್ಲ, ಅಲ್ವಾ? ಪ್ಯಾಕೇಜ್ ಕಟ್ಟುವ ಸಾಧನವಾದ ಮೇವನ್‌ನಲ್ಲಿ ಜಕಾರ್ತಾ ಇಇ (ಹಿಂದಿನ ಜಾವಾ ಇಇ) ಎಪಿಐಗೆ ಪ್ರೊವೈಡೆಡ್ (ಸರ್ವರ್ ಕೊಡುತ್ತದೆ) ಅಂತ ಸ್ಕೋಪ್ ಕೊಡಿ, ಸರ್ವರ್ ಕೊಡುವುದನ್ನೆಲ್ಲ ನಿಮ್ಮ ಫೈಲಿನಿಂದ ತೆಗೆಯಿರಿ. ಬೈಗುಳಕ್ಕೆ ಕಾರಣವಾದ ಎರರ್‌ಗಳಲ್ಲಿ ಎಷ್ಟೋ ಅಲ್ಲಿಗೇ ನಿಲ್ಲುತ್ತವೆ. ಲಾಗಿಂಗ್ ಮಾತ್ರ ನಮ್ಮದೇ ಇರಲಿ ಅನ್ನುವವರಿಗೆ ಜೆಬಾಸ್-ಡಿಪ್ಲಾಯ್‌ಮೆಂಟ್-ಸ್ಟ್ರಕ್ಚರ್ ಅನ್ನುವ ಎಕ್ಸ್‌ಎಂಎಲ್ ಫೈಲ್ ಇದೆ. ಅದರಲ್ಲಿ ಸರ್ವರ್‌ನ ಲಾಗಿಂಗ್ ಬೇಡ ಅಂತ ಬರೆಯಬಹುದು. ಆದರೆ ಇಯರ್ ಫೈಲ್ (ಹಲವು ವಾರ್, ಜಾರ್‌ಗಳನ್ನು ಒಟ್ಟು ಸೇರಿಸಿದ ಕಟ್ಟು) ಮಾಡುವವರು ಇದನ್ನು ಇಯರ್‌ನ ಮೆಟಾ-ಇನ್ಫ್ ಒಳಗೇ ಇಡಬೇಕು. ಒಳಗಿನ ವಾರ್‌ನಲ್ಲಿ ಇಟ್ಟರೆ ಸರ್ವರ್ ಅದನ್ನು ನೋಡುವುದೇ ಇಲ್ಲ.

ಇಯರ್ ಅಂದಾಗ ಒಂದು ಎರರ್ ಬಗ್ಗೆ ಹೇಳಲೇಬೇಕು. ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್. ಗ್ರಾಹಕ ಅನ್ನುವ ಕ್ಲಾಸನ್ನು ಗ್ರಾಹಕ ಅನ್ನುವ ಕ್ಲಾಸಿಗೆ ಬದಲಾಯಿಸಲು ಆಗುವುದಿಲ್ಲ ಅಂತ ಲಾಗ್ ಹೇಳುತ್ತದೆ. ಎರಡೂ ಕಡೆ ಅದೇ ಹೆಸರು, ಅದೇ ಪ್ಯಾಕೇಜ್. ಮೊದಲ ಸಲ ನೋಡಿದವರಿಗೆ ತಲೆ ಕೆಡುತ್ತದೆ. ಆಗಿರುವುದು ಇಷ್ಟೇ: ಆ ಕ್ಲಾಸ್ ಇರುವ ಜಾರ್ ಇಯರ್‌ನ ಲಿಬ್ ಫೋಲ್ಡರ್‌ನಲ್ಲೂ ಇದೆ, ವಾರ್‌ನ ಲಿಬ್‌ನಲ್ಲೂ ಇದೆ. ಇಜೆಬಿ ಜಾರ್ (ಬಿಸಿನೆಸ್ ಕೋಡ್ ಇರುವ ಜಾರ್) ಮೊದಲನೆಯದನ್ನು ಎತ್ತಿಕೊಂಡಿತು, ವಾರ್ ತನ್ನ ಹತ್ತಿರ ಇದ್ದದ್ದನ್ನೇ ಎತ್ತಿಕೊಂಡಿತು, ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಕ್ಲಾಸ್‌ಲೋಡರ್ ಎರಡು ಆದ್ದರಿಂದ ಜಾವಾ ಕೋಡ್ ಓಡಿಸುವ ಜೆವಿಎಂ ಪಾಲಿಗೆ ಅವು ಎರಡು ಬೇರೆ ಬೇರೆ ಕ್ಲಾಸ್‌ಗಳು. ಮೇವನ್‌ನ ಇಯರ್ ಪ್ಲಗಿನ್‌ನಲ್ಲಿ ಸ್ಕಿನ್ನಿ ವಾರ್ಸ್ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದರೆ, ಎರಡೂ ಕಡೆ ಬೇಕಾದ ಜಾರ್‌ಗಳು ಇಯರ್‌ನ ಲಿಬ್‌ನಲ್ಲಿ ಮಾತ್ರ ಉಳಿಯುತ್ತವೆ. ಇನ್ನೊಂದು ನಿಯಮವೂ ನೆನಪಿರಲಿ: ವಾರ್‌ಗೆ ಇಜೆಬಿ ಜಾರ್ ಕಾಣುತ್ತದೆ, ಇಜೆಬಿ ಜಾರ್‌ಗೆ ವಾರ್ ಒಳಗಿನ ಕ್ಲಾಸ್ ಕಾಣುವುದಿಲ್ಲ.

ನನ್ನನ್ನು ಕೇಳಿದರೆ, ಒಂದೇ ವೆಬ್ ಅಪ್ಲಿಕೇಶನ್ ಇದ್ದರೆ ಇಯರ್ ಮಾಡುವ ಗೋಜಿಗೇ ಹೋಗಬೇಡಿ. 2009ರ ಜಾವಾ ಇಇ 6ರಿಂದಲೇ ಇಜೆಬಿಗಳನ್ನು ನೇರವಾಗಿ ವಾರ್ ಒಳಗೆ ಹಾಕಬಹುದು. ಎರಡು ಮೂರು ವಾರ್‌ಗಳು ಒಂದೇ ಬಿಸಿನೆಸ್ ಕೋಡ್ ಹಂಚಿಕೊಳ್ಳುವಾಗ ಮಾತ್ರ ಇಯರ್‌ಗೆ ಅರ್ಥ.

ವೈಲ್ಡ್‌ಫ್ಲೈನ ಎರರ್ ಸಂದೇಶಗಳ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದೆ. ನನಗೆ ಅವು ಒಳ್ಳೆಯವೇ ಅನ್ನಿಸುತ್ತವೆ, ಓದುವ ತಾಳ್ಮೆ ಬೇಕು ಅಷ್ಟೆ. 0180 ಅಂತ ಮುಗಿಯುವ ಕೋಡ್ ಇದೆ, ಡಿಪೆಂಡೆನ್ಸಿ ಇಲ್ಲದ ಸರ್ವಿಸ್‌ಗಳ ಉದ್ದ ಪಟ್ಟಿಯನ್ನೇ ಕೊಡುತ್ತದೆ. ಆ ಪಟ್ಟಿ ನೋಡಿ ಗಾಬರಿ ಬೀಳಬೇಡಿ. ಅದರಲ್ಲಿ ಡೇಟಾಸೋರ್ಸ್ (ಡೇಟಾಬೇಸ್ ಸಂಪರ್ಕದ ಸೆಟ್ಟಿಂಗ್) ಹೆಸರು ಹುಡುಕಿ. ಎಷ್ಟೋ ಸಲ ಸರ್ವರ್‌ನಲ್ಲಿ ಆ ಡೇಟಾಸೋರ್ಸ್ ಮಾಡೇ ಇರುವುದಿಲ್ಲ, ಇಲ್ಲವೇ ಅದನ್ನು ಹುಡುಕಲು ಬಳಸುವ ಜೆಎನ್‌ಡಿಐ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆಗಿರುತ್ತದೆ. ಅಪ್ಲಿಕೇಶನ್‌ಗಳ ನಡುವೆ ಸಂದೇಶ ಕಳಿಸುವ ಜೆಎಂಎಸ್ ಬಳಸುವವರು ಇನ್ನೊಂದು ನೋಡಬೇಕು. ಮಾಮೂಲಿ ಸ್ಟ್ಯಾಂಡಲೋನ್ ಕಾನ್ಫಿಗರೇಶನ್‌ನಲ್ಲಿ ಮೆಸೇಜಿಂಗ್ ಇರುವುದಿಲ್ಲ, ಸ್ಟ್ಯಾಂಡಲೋನ್-ಫುಲ್ ಕೊಟ್ಟು ಸರ್ವರ್ ಶುರು ಮಾಡಬೇಕು.

ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವ ಸರ್ವರ್‌ನಲ್ಲಿ) ಮಾತ್ರ, ಓಡುತ್ತಿರುವ ಸರ್ವರ್‌ನ ಡಿಪ್ಲಾಯ್‌ಮೆಂಟ್ಸ್ ಫೋಲ್ಡರ್‌ಗೆ ಫೈಲ್ ಹಾಕುವ ದಾರಿ ಬೇಡ. ಇದನ್ನು ಅವರ ಡಾಕ್ಯುಮೆಂಟೇಶನ್ ಕೂಡ ಹೇಳುತ್ತದೆ. ಅಲ್ಲಿಗೆ ಕಮಾಂಡ್ ಟೈಪ್ ಮಾಡಿ ಬಳಸುವ ಜೆಬಾಸ್ ಸಿಎಲ್‌ಐ ಇದೆ, 9990 ಪೋರ್ಟ್ ಮೂಲಕ ಕೆಲಸ ಮಾಡುತ್ತದೆ. ಡಿಪ್ಲಾಯ್ ಕಮಾಂಡ್‌ಗೆ ಫೋರ್ಸ್ ಸೇರಿಸಿದರೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ರೋಲ್‌ಬ್ಯಾಕ್. ಹೊಸ ಫೈಲ್ ಏಳದೇ ಹೋದರೆ ಸಿಎಲ್‌ಐ ಆ ಇಡೀ ಬದಲಾವಣೆಯನ್ನೇ ವಾಪಸ್ ತಗೊಳ್ಳುತ್ತದೆ, ಹಳೆಯದು ಮತ್ತೆ ಓಡುತ್ತದೆ. ಮಧ್ಯರಾತ್ರಿ ರಿಲೀಸ್ ಮಾಡುವವರಿಗೆ ಇದರ ಬೆಲೆ ಗೊತ್ತು.

ಹಳೆಯ ಅಪ್ಲಿಕೇಶನ್ ಹೊಸ ಸರ್ವರ್‌ಗೆ ಒಯ್ಯುವವರು ಹುಷಾರು. 2022ರ ನವೆಂಬರ್‌ನಲ್ಲಿ ಬಂದ ವೈಲ್ಡ್‌ಫ್ಲೈ 27ರಿಂದ ಎಲ್ಲವೂ ಜಕಾರ್ತಾ. ಕೋಡ್‌ನಲ್ಲಿ ಜಾವಾಎಕ್ಸ್ ಸರ್ವ್ಲೆಟ್ ಅಂತ ಇದ್ದದ್ದೆಲ್ಲ ಜಕಾರ್ತಾ ಸರ್ವ್ಲೆಟ್ ಆಗಬೇಕು. ಹಳೆಯ ವಾರ್ ಅನ್ನು ಹಾಗೇ ಹಾಕಿದರೆ, ಅದು ಬರೀ ಅನೊಟೇಶನ್ (ಕೋಡ್‌ನಲ್ಲೇ ಹಾಕುವ @ ಗುರುತು) ಮೇಲೆ ನಿಂತಿದ್ದರೆ, ಡಿಪ್ಲಾಯ್ಡ್ ಅಂತಲೇ ಬರಬಹುದು, ಲಾಗ್‌ನಲ್ಲಿ ಒಂದು ಕೆಂಪು ಗೆರೆಯೂ ಇರುವುದಿಲ್ಲ, ಬ್ರೌಸರ್ ತೆರೆದರೆ 404. ಸರ್ವರ್‌ಗೆ ಆ ಹಳೆಯ ಅನೊಟೇಶನ್‌ಗಳ ಗುರುತೇ ಇಲ್ಲ, ಅದಕ್ಕೇ ಸುಮ್ಮನಿರುತ್ತದೆ. ಈ ಒಂದು ಕಡೆ ವೈಲ್ಡ್‌ಫ್ಲೈ ಕನಿಷ್ಠ ಒಂದು ಎಚ್ಚರಿಕೆಯನ್ನಾದರೂ ಕೊಡಬೇಕಿತ್ತು ಅಂತ ನನ್ನ ಬಲವಾದ ಅಭಿಪ್ರಾಯ. ಕೋಡ್ ಮುಟ್ಟಲು ಆಗದವರು ಎಕ್ಲಿಪ್ಸ್ ಟ್ರಾನ್ಸ್‌ಫಾರ್ಮರ್ ಬಳಸಿ ವಾರ್ ಫೈಲನ್ನೇ ಬದಲಾಯಿಸಬಹುದು. ಮುಂದೂಡಬೇಕು ಅಂದರೆ ಜಾವಾ ಇಇ 8 ಓಡಿಸುವ 26.1ರಲ್ಲೇ ನಿಲ್ಲಬೇಕು, ಆದರೆ ಹೊಸ ಆವೃತ್ತಿಗಳು ಬೇಗ ಬೇಗ ಬರುತ್ತವೆ, ಹಳೆಯದಕ್ಕೆ ತೇಪೆ ಹಾಕಿಕೊಡುವವರು ಇರುವುದಿಲ್ಲ.

ಇಷ್ಟವಾಗದ್ದು ಇನ್ನೂ ಎರಡು ಇವೆ. ಸರ್ವರ್ ನಿಲ್ಲಿಸದೆ ಮತ್ತೆ ಮತ್ತೆ ಡಿಪ್ಲಾಯ್ ಮಾಡುತ್ತಾ ಹೋದರೆ, ಅಪ್ಲಿಕೇಶನ್ ಎಲ್ಲೋ ಒಂದು ಥ್ರೆಡ್ ಬಿಟ್ಟು ಹೋಗಿದ್ದರೆ, ಹಳೆಯ ಕ್ಲಾಸ್‌ಲೋಡರ್ ಹಾಗೇ ಉಳಿದು ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ ಇಡುವ ಮೆಮೊರಿ) ಏರುತ್ತಾ ಹೋಗುತ್ತದೆ. ತಪ್ಪು ಅಪ್ಲಿಕೇಶನ್‌ದೇ, ಆದರೂ ರಿಲೀಸ್ ದಿನ ಒಮ್ಮೆ ಸರ್ವರ್ ರೀಸ್ಟಾರ್ಟ್ ಮಾಡುವುದೇ ಕ್ಷೇಮ. ಎರಡನೆಯದು ಡೊಮೇನ್ ಮೋಡ್. ಹತ್ತಾರು ಸರ್ವರ್‌ಗಳಿಗೆ ಒಂದೇ ಕಡೆಯಿಂದ ಡಿಪ್ಲಾಯ್ ಮಾಡುವ ವ್ಯವಸ್ಥೆ ಅದು. ಕೆಲಸ ಮಾಡುತ್ತದೆ, ಆದರೆ ಸಣ್ಣ ಟೀಮಿಗೆ ಅದನ್ನು ನೋಡಿಕೊಳ್ಳುವುದೇ ಒಂದು ಬೇರೆ ನೌಕರಿ.

ಈಗ ಶುರು ಮಾಡುವವರಾದರೆ ಕಂಟೇನರ್ ದಾರಿ (ಸರ್ವರ್, ಅಪ್ಲಿಕೇಶನ್ ಎರಡನ್ನೂ ಒಂದೇ ಕಟ್ಟಾಗಿ ಓಡಿಸುವುದು) ಹಿಡಿಯಿರಿ. ಅಧಿಕೃತ ವೈಲ್ಡ್‌ಫ್ಲೈ ಇಮೇಜ್ ತಗೊಂಡು ನಿಮ್ಮ ಇಮೇಜ್ ಕಟ್ಟುವಾಗಲೇ ವಾರ್ ಅನ್ನು ಡಿಪ್ಲಾಯ್‌ಮೆಂಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿದರೆ ಆಯಿತು. ಇಲ್ಲಿ ಪ್ರತಿ ರಿಲೀಸ್‌ಗೂ ಹೊಸ ಸರ್ವರ್ ಏಳುತ್ತದೆ, ಮೆಟಾಸ್ಪೇಸ್ ಚಿಂತೆಯೂ ಇಲ್ಲ. ಇನ್ನೂ ಚಿಕ್ಕದಾಗಿ ಬೇಕಾದರೆ ಅವರ ಮೇವನ್ ಪ್ಲಗಿನ್, ಗ್ಯಾಲಿಯನ್ ಅನ್ನುವ ಸಾಧನ ಬಳಸಿ, ನಿಮ್ಮ ಅಪ್ಲಿಕೇಶನ್‌ಗೆ ಬೇಕಾದ ಭಾಗಗಳಷ್ಟೇ ಇರುವ ಸರ್ವರ್ ಕಟ್ಟಿಕೊಡುತ್ತದೆ.