ಸಕ್ಕರೆ, ಹಳದಿ ಬೆಲ್ಲ, ಕಪ್ಪು ಬೆಲ್ಲ: ಮೂರನ್ನೂ ಬಳಸಿ ನೋಡಿದ ಮೇಲೆ

ಮಂಡ್ಯದಲ್ಲಿ ಈಗ "ನಾವು ಸಕ್ಕರೆ ಬಿಟ್ವಿ, ಬರೀ ಬೆಲ್ಲ" ಅನ್ನೋರು ಬೀದಿಗೊಬ್ಬರು ಸಿಗ್ತಾರೆ. ಯಾವ ಬೆಲ್ಲ ಅಂತ ಕೇಳಿದರೆ ಮಾತ್ರ ಉತ್ತರ ಬರಲ್ಲ. ನಮ್ಮ ಮನೆಯಲ್ಲಿ ಮಾವನವರಿಗೆ ಶುಗರ್, ಮಗಳಿಗೆ ರಕ್ತ ಕಡಿಮೆ, ನನಗೆ ತಿಂಗಳ ಸಾಮಾನಿನ ಚೀಟಿಯ ಚಿಂತೆ. ಹಾಗಾಗಿ ಮೂರನ್ನೂ ಸರದಿಯಂತೆ ತಂದು ಬಳಸಿ ನೋಡಿದೆ.

ಸಕ್ಕರೆ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಕಾಫಿಗೆ ಅದರಷ್ಟು ಸಲೀಸು ಬೇರೆ ಇಲ್ಲ, ಚಮಚದ ಅಳತೆ ತಪ್ಪಲ್ಲ. ಮೈಸೂರು ಪಾಕಿಗಂತೂ ಸಕ್ಕರೆಯೇ ಬೇಕು. ಬೆಲ್ಲದಲ್ಲಿ ಮಾಡಿದೆ, ರುಚಿಯೇನೋ ಬಂತು, ಆ ಗೂಡುಗೂಡು ಮಾತ್ರ ಬರಲಿಲ್ಲ. "ಸಕ್ಕರೆಗೆ ಕೆಮಿಕಲ್ ಹಾಕ್ತಾರೆ" ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಿನವು ಕಬ್ಬಿನ ಹಾಲನ್ನು ತಿಳಿ ಮಾಡೋಕೆ ಸುಣ್ಣದ ಜೊತೆ ಗಂಧಕದ ಹೊಗೆ ಹಾಯಿಸುತ್ತವೆ. ಇದಕ್ಕೆ ಹೆದರಿ ಸಕ್ಕರೆ ಬಿಟ್ಟವರು ಅಂಗಡಿಗೆ ಹೋಗಿ ಹಳದಿ ಅಚ್ಚು ಬೆಲ್ಲ ಕಟ್ಟಿಸಿಕೊಂಡು ಬರ್ತಾರಲ್ಲ, ತಮಾಷೆ ಇರೋದು ಅಲ್ಲಿ.

ಚಿನ್ನದ ಬಣ್ಣದ ಬೆಲ್ಲ ತಾನಾಗಿ ಬರೋದು ಅಪರೂಪ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕಿದರೆ ಬಣ್ಣ ತಿಳಿಯಾಗುತ್ತೆ. ಕಾನೂನಿನ ಪ್ರಕಾರ, ಇದರಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈ ಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದು. ಅಂಗಡಿ ಕಟ್ಟೆ ಮೇಲೆ ನಿಂತು ಅದನ್ನು ಅಳೆಯೋರು ಯಾರು? ಆ ಬಣ್ಣವೂ ಗಟ್ಟಿಯಲ್ಲ. ತಂದಾಗ ಹೊಳೆಯುತ್ತಿದ್ದ ಅಚ್ಚು ಡಬ್ಬದಲ್ಲಿ ಕೂತು ಕೂತು ಕಂದುತ್ತೆ.

ಮಾರೋರನ್ನು ಬೈದು ಪ್ರಯೋಜನವಿಲ್ಲ. "ಕಪ್ಪು ಇಟ್ರೆ ಹಳೇ ಮಾಲು ಅಂತ ಮುಟ್ಟದೇ ಹೋಗ್ತಾರಕ್ಕ, ನಾನೇನ್ ಮಾಡ್ಲಿ?" ಅಂದರು ನಮ್ಮ ಅಂಗಡಿಯವರು. ನಿಜ. ನಾವು ಬೆಲ್ಲವನ್ನು ಕೊಳ್ಳೋದೇ ಕಣ್ಣಿನಲ್ಲಿ. ನಮ್ಮ ಕಣ್ಣಿಗೆ ಹಳದಿ ಬೇಕು ಅಂತ ಆಲೆಮನೆಯವರು ಹೈಡ್ರೋಸ್ ಪೊಟ್ಟಣ ಬಿಚ್ಚುತ್ತಾರೆ, ಆಮೇಲೆ ನಾವೇ "ಬೆಲ್ಲದಲ್ಲೂ ಕಲಬೆರಕೆ" ಅಂತೀವಿ. ಹಳದಿಯ ಪರವಾಗಿ ಒಂದು ಮಾತು: ಸಂಕ್ರಾಂತಿಯ ಎಳ್ಳಿಗೆ ಕತ್ತರಿಸೋಕೆ ಇದೇ ಸರಿ. ಗಟ್ಟಿ ಇರುತ್ತೆ, ಅಡಕತ್ತರಿಗೆ ಚಿಕ್ಕ ಚಿಕ್ಕ ಚೂರಾಗಿ ಬೀಳುತ್ತೆ.

ಕಪ್ಪು ಬೆಲ್ಲ ತಂದದ್ದು ಪಾಂಡವಪುರದ ಕಡೆಯ ಒಂದು ಆಲೆಮನೆಯಿಂದ. ಅಲ್ಲಿ ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ಹಿಸುಕಿ, ಆ ಲೋಳೆಯನ್ನು ಕುದಿಯುವ ಹಾಲಿಗೆ ಸುರಿಯುತ್ತಿದ್ದರು. ಕೊಳೆಯೆಲ್ಲ ಕೊಚ್ಚೆ ನೊರೆಯಾಗಿ ಮೇಲೆದ್ದು ಬರುತ್ತೆ, ಉದ್ದ ಹಿಡಿಯ ಜಾಲರಿಯಲ್ಲಿ ಎತ್ತಿ ಎತ್ತಿ ಎಸೀತಾರೆ. ಇನ್ನೊಂದು ನೋಡಬೇಕಾದ್ದು ಒಲೆಯ ಬಾಯಿ. ಇಲ್ಲಿ ಕಬ್ಬಿನ ಒಣಸಿಪ್ಪೆ ಉರಿಯುತ್ತಿತ್ತು. ಟೈರು, ಪ್ಲಾಸ್ಟಿಕ್ ಸುಡುವ ಕಡೆಯ ಬೆಲ್ಲಕ್ಕೆ ಹೈಡ್ರೋಸ್ ಇಲ್ಲದಿದ್ದರೂ ನನಗೆ ಬೇಡ. ಆ ಹೊಗೆ ಕುಡಿಯೋರು ಪಕ್ಕದ ಊರಿನವರು.

ರುಚಿಗೆ ಇದೇ ಮೇಲು. ಹೆಸರುಬೇಳೆ ಪಾಯಸಕ್ಕೆ ಹಾಕಿದಾಗ ಏಲಕ್ಕಿಯ ಅಗತ್ಯವೇ ಕಾಣಲಿಲ್ಲ. ಆದರೆ ಕರಗಿಸಿ ಸೋಸಲೇಬೇಕು, ಬಟ್ಟೆಯಲ್ಲಿ ನಾರು, ಮರಳು ಉಳಿಯುತ್ತೆ. ಒಬ್ಬಟ್ಟಿನ ಹೂರಣ ಕೆಸರಿನ ಬಣ್ಣಕ್ಕೆ ತಿರುಗಿತು, ಹಬ್ಬಕ್ಕೆ ಬಂದ ನಾದಿನಿ "ಸೀದು ಹೋಯ್ತಾ ಅತ್ತಿಗೆ?" ಅಂದಳು. ಮಳೆಗಾಲದಲ್ಲಿ ಬೆವರುತ್ತೆ. ಬೆಲೆಯೂ ಜಾಸ್ತಿ. ಮತ್ತೆ, ಕಪ್ಪಾಗಿರೋದೆಲ್ಲ ಶುದ್ಧ ಅಂತಲೂ ತಿಳೀಬೇಡಿ: ಚೌಳು ನೆಲದ ಕಬ್ಬು, ಅತಿಯಾಗಿ ಕಾಯಿಸಿದ ಪಾಕ, ಹಳೆಯ ದಾಸ್ತಾನು, ಎಲ್ಲವೂ ಕಪ್ಪೇ. ನಾಲಿಗೆಗೆ ಉಪ್ಪುಪ್ಪಾದರೆ ನೆಲದ ಗುಣ ಅಂದುಕೊಳ್ಳಿ.

ಇನ್ನು ಮೈಗೆ ಆಗೋ ಲಾಭ. ಮಾವನವರು "ಬೆಲ್ಲ ತಾನೇ" ಅಂತ ಎರಡು ಚೂರು ಹೆಚ್ಚಿಗೆ ಹಾಕಿಕೊಳ್ಳೋಕೆ ಶುರು ಮಾಡಿದರು, ಗ್ಲುಕೋಮೀಟರ್ ಅದಕ್ಕೆ ತಕ್ಕ ಉತ್ತರ ಕೊಟ್ಟಿತು. ಬೆಲ್ಲದಲ್ಲೂ ಮುಕ್ಕಾಲು ಪಾಲಿನಷ್ಟು ಸಕ್ಕರೆಯೇ. ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಊಟದಿಂದ ಸಿಗೋ ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಅಂದರೆ ದೊಡ್ಡವರಿಗೆ ಸುಮಾರು 50 ಗ್ರಾಂ. ಅದರರ್ಧ ಆದರೆ ಇನ್ನೂ ಒಳ್ಳೆಯದು. ಬೆಲ್ಲಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಮಗಳಿಗೆ ಕಬ್ಬಿಣದಂಶ ಸಿಗಲಿ ಅಂತ ಬೆಲ್ಲದ ಟೀ ಕೊಡುತ್ತಿದ್ದರು ನಮ್ಮತ್ತೆ. ಟೀಯೇ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತೆ. ಅವಳಿಗೆ ಈಗ ನುಗ್ಗೆಸೊಪ್ಪು, ರಾಗಿ, ಜೊತೆಗೆ ನಿಂಬೆಹಣ್ಣು, ಡಾಕ್ಟರ್ ಬರೆದ ಮಾತ್ರೆ.

ರೈತರ ಲೆಕ್ಕವೇ ಬೇರೆ. ಕಾರ್ಖಾನೆಗೆ ಕಬ್ಬು ಹಾಕಿದರೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ದರವಿದೆ, 14 ದಿನದಲ್ಲಿ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೂ ಇದೆ. ಬಾಕಿಗಾಗಿ ಧರಣಿ ಕೂರೋದು ಮಾತ್ರ ತಪ್ಪಿಲ್ಲ. ಆಲೆಮನೆಯಲ್ಲಿ ದುಡ್ಡು ಬೇಗ ಕೈಗೆ ಬರುತ್ತೆ, ಆದರೆ ಬೆಲ್ಲದ ಧಾರಣೆ ಬಿದ್ದ ದಿನ ಕೇಳೋರಿಲ್ಲ. ಸದ್ಯ ನಮ್ಮ ಚೀಟಿಯಲ್ಲಿ ಕಪ್ಪು ಬೆಲ್ಲ ಎರಡು ಕೆಜಿ, ಸಕ್ಕರೆ ಅರ್ಧ ಕೆಜಿ. ಹಳದಿ ಸಂಕ್ರಾಂತಿಗೆ ಮಾತ್ರ.