ಫೀಟಲ್ ಎಕೋ: ಬೆಂಗಳೂರಿಗೆ ಹೋಗಿ ಮಾಡಿಸಿದ ನಮ್ಮ ಅನುಭವ

ನನ್ನ ಹೆಂಡತಿಗೆ 20ನೇ ವಾರದ ಅನಾಮಲಿ ಸ್ಕ್ಯಾನ್ (ಹೊಟ್ಟೆಯಲ್ಲಿರುವ ಮಗುವಿನ ಅಂಗಗಳು ಸರಿ ಇವೆಯೇ ಅಂತ ನೋಡುವ ಸ್ಕ್ಯಾನ್) ನಮ್ಮೂರಲ್ಲೇ ಆಯಿತು. ಹೃದಯದ ನಾಲ್ಕು ಕೋಣೆ ಸರಿ ಇವೆ, ಅಲ್ಲಿಂದ ಹೊರಡುವ ರಕ್ತನಾಳಗಳ ಮೇಲೆ ಅನುಮಾನ, ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯವನ್ನೇ ವಿವರವಾಗಿ ನೋಡುವ ಸ್ಕ್ಯಾನ್, ಮಾಡಿಸಿ ಎಂದು ಚೀಟಿ ಕೊಟ್ಟರು. ಏನಾಗಿದೆ ಅಂತ ಕೇಳಿದರೆ 'ಅಲ್ಲೇ ಹೇಳ್ತಾರೆ' ಅಂದರು, ಅಷ್ಟೇ. ಮೂರು ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮಕ್ಕಳ ಹೃದಯದ ಡಾಕ್ಟರೇ ಕೂತು ಮುಕ್ಕಾಲು ಗಂಟೆ ನೋಡಿದರು. ಮಗು ಮಗ್ಗಲು ಬದಲಿಸಲಿ ಅಂತ ಮಧ್ಯೆ ನನ್ನ ಹೆಂಡತಿಯನ್ನು ಎಬ್ಬಿಸಿ ಸ್ವಲ್ಪ ಓಡಾಡಿಸಿದರು. ಆಮೇಲೆ ಬಿಳಿ ಹಾಳೆಯ ಮೇಲೆ ಹೃದಯದ ಚಿತ್ರ ಬರೆದು, ಕನ್ನಡದಲ್ಲೇ ಹೇಳಿದರು. ಇದು ಟಿಜಿಎ (ಟ್ರಾನ್ಸ್‌ಪೊಸಿಷನ್ ಆಫ್ ದಿ ಗ್ರೇಟ್ ಆರ್ಟರೀಸ್). ಮೈಗೆಲ್ಲ ರಕ್ತ ಕಳಿಸುವ ಅಯೋರ್ಟಾ ಮತ್ತು ಶ್ವಾಸಕೋಶಕ್ಕೆ ಹೋಗುವ ನಾಳ ಅದಲುಬದಲಾಗಿವೆ. ಹೊಟ್ಟೆಯಲ್ಲಿರುವಾಗ ತೊಂದರೆ ಆಗುವುದಿಲ್ಲ, ಆಮ್ಲಜನಕ ತಾಯಿಯಿಂದಲೇ ಬರುತ್ತದೆ ಅಲ್ವಾ. ಹುಟ್ಟಿದ ಮೇಲೆ ಒಳ್ಳೆ ರಕ್ತ ಶ್ವಾಸಕೋಶಕ್ಕೇ ವಾಪಸ್ ಹೋಗುತ್ತದೆ, ಆಮ್ಲಜನಕ ಇಲ್ಲದ ರಕ್ತ ಮೈಯಲ್ಲೇ ಸುತ್ತುತ್ತದೆ, ಮಗು ನೀಲಿಯಾಗುತ್ತದೆ.

ಅದಕ್ಕೇ ಹೆರಿಗೆ ಎಲ್ಲಿ ಅಂತ ಅವತ್ತೇ ತೀರ್ಮಾನವಾಯಿತು. ಹುಟ್ಟಿದ ಕೂಡಲೇ ಪ್ರೋಸ್ಟಾಗ್ಲಾಂಡಿನ್ ಡ್ರಿಪ್ (ಆ ಎರಡು ನಾಳಗಳ ನಡುವಿನ ದಾರಿ ಮುಚ್ಚಿಹೋಗದಂತೆ ಕೊಡುವ ಔಷಧಿ), ಬೇಕಾದರೆ ಬಲೂನಿನಿಂದ ಮೇಲಿನ ಎರಡು ಕೋಣೆಗಳ ನಡುವಿನ ಕಿಂಡಿ ಅಗಲ ಮಾಡುವುದು, ಆಮೇಲೆ ಮೊದಲ ಎರಡು ಮೂರು ವಾರದೊಳಗೆ ಅದಲುಬದಲಾದ ನಾಳಗಳನ್ನು ಅವುಗಳ ಜಾಗಕ್ಕೆ ಜೋಡಿಸುವ ಆರ್ಟೀರಿಯಲ್ ಸ್ವಿಚ್ ಆಪರೇಷನ್. ತಡವಾದರೆ ಎಡ ಕೋಣೆಯ ಶಕ್ತಿ ಕುಗ್ಗುತ್ತದಂತೆ. ಬ್ರೆಜಿಲ್‌ನ ಜಟೇನ್ ಎಂಬ ಸರ್ಜನ್ 1975ರಲ್ಲಿ ಇದನ್ನು ಮಾಡಿ ತೋರಿಸಿದರು ಅಂತ ಕೇಳಿದಾಗ, ಇಷ್ಟು ವರ್ಷದಿಂದ ಮಾಡುತ್ತಾ ಬಂದಿದ್ದಾರಲ್ಲ ಅಂತ ಮೊದಲ ಸಲ ಸ್ವಲ್ಪ ಉಸಿರು ಬಂತು. ಗರ್ಭಪಾತದ 24 ವಾರದ ಕಾನೂನಿನ ಬಗ್ಗೆಯೂ ಮುಚ್ಚಿಡದೆ ಹೇಳಿದರು. ಆದರೆ ಇಂಥದ್ದೇ ಮಾಡಿ ಅಂತ ಒತ್ತಾಯ ಮಾಡಲಿಲ್ಲ. ಆ ಒಂದು ಮಾತಿಗೆ ನಾನು ಯಾವತ್ತೂ ಋಣಿ.

ಬೇಸರ ಆಗಿದ್ದು ಕಾಯುವುದು. ನಾಲ್ಕು ಗಂಟೆ ಕಾದೆವು, ಬಸುರಿ ಹೆಂಗಸರಿಗೆ ಕೂರಲು ಕುರ್ಚಿ ಸಾಲದು, ಇದನ್ನು ಖಂಡಿತ ಸರಿಮಾಡಬೇಕು. ಖರ್ಚಿನ ವಿಷಯವನ್ನೂ ಕೌಂಟರಿನಲ್ಲಿ ಎಲ್ಲರೆದುರು ಹೇಳಿದರು, ಒಳಗೆ ಕರೆದು ಹೇಳಬಹುದಿತ್ತು.

ಮಗಳಿಗೆ ಎಂಟನೇ ದಿನ ಆಪರೇಷನ್ ಆಯಿತು, ಈಗ 7 ತಿಂಗಳು. ಡಾಕ್ಟರು ಹೃದಯದ ಚಿತ್ರ ಬರೆದ ಆ ಹಾಳೆ ಅವಳ ಫೈಲಿನಲ್ಲೇ ಇದೆ.

ಅನಾಮಲಿ ಸ್ಕ್ಯಾನ್ ಮಾಡಿಸುವವರು ನಾಲ್ಕು ಕೋಣೆ ಅಷ್ಟೇ ಅಲ್ಲ, ಹೊರಡುವ ನಾಳಗಳನ್ನೂ ನೋಡಿದಿರಾ ಅಂತ ಸಂಕೋಚಪಡದೆ ಕೇಳಿ. ನಾಲ್ಕು ಕೋಣೆಯ ನೋಟದಲ್ಲಿ ಟಿಜಿಎ ತಪ್ಪಿಹೋಗುವುದು ಜಾಸ್ತಿ. ಎಕೋಗೆ ಹೋಗುವಾಗ ಹಳೇ ಸ್ಕ್ಯಾನ್ ರಿಪೋರ್ಟ್ ಎಲ್ಲ ತೆಗೆದುಕೊಂಡು ಹೋಗಿ, ತಿಂಡಿ ತಿಂದೇ ಹೋಗಿ, ಖಾಲಿ ಹೊಟ್ಟೆ ಬೇಕಿಲ್ಲ.