ಹಸಿರು ಟಿಕ್ ನಂಬಿ ಮೂರು ದಿನ ಹೋಯಿತು: 2022ರಿಂದ ಬಳಸುತ್ತಿರುವ ಇಮೇಲ್ ಸೇವೆಯ ಬಗ್ಗೆ

ಪುಣೆಯ ಕೋಥ್ರೂಡಿನ ನಮ್ಮ ಮನೆಯಿಂದಲೇ ನಾನು ಇಳಕಲ್ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಮಾರುತ್ತೇನೆ. ಇಲ್ಲಿ ಇಳಕಲ್‌ಗೆ ಇರಕಲ್ ಅಂತಾರೆ. ಕೊಳ್ಳುವವರಲ್ಲಿ ಅರ್ಧ ಮರಾಠಿಯವರು, ಅರ್ಧ ನಮ್ಮ ಕಡೆಯವರು. ಒಟ್ಟು 640 ಜನರ ಪಟ್ಟಿ. ವಾಟ್ಸಾಪ್‌ನಲ್ಲಿ ಹಾಕಿದರೆ ಫೋಟೊ ಮಸುಕಾಗುತ್ತದೆ, ಸೆರಗಿನ ಕೆಂಪು ಕೆಂಪಾಗಿ ಕಾಣೋದಿಲ್ಲ. ಆಮೇಲೆ ಹುಡುಕಿದರೆ ಹಳೆಯ ಫೋಟೊ ಸಿಗೋದೂ ಇಲ್ಲ. ಅದಕ್ಕೇ 2022ರಿಂದ, ಪಟ್ಟಿಯವರಿಗೆಲ್ಲ ಒಟ್ಟಿಗೆ ಮೇಲ್ ಕಳಿಸುವ ಸೇವೆಯೊಂದರ ಮೂಲಕ, ತಿಂಗಳಿಗೆ ಎರಡು ಸಲ ಇಮೇಲ್ ಕಳಿಸುತ್ತಿದ್ದೇನೆ.

ಸೇವೆಯ ಟೆಂಪ್ಲೇಟು, ಪ್ಲ್ಯಾನು, ದರ ಎಲ್ಲ ಅವರ ಪುಟದಲ್ಲೇ ಇರುತ್ತೆ. ನಾನು ಕಡಿಮೆ ದುಡ್ಡಿನ ಪ್ಲ್ಯಾನ್ ತೆಗೆದುಕೊಂಡಿದ್ದೇನೆ, ನನಗೆ ಅಷ್ಟು ಸಾಕು. ನಾನು ಹೇಳಬೇಕಾದ್ದು ಟೆಸ್ಟ್ ಮೇಲ್ ಬಗ್ಗೆ.

ಬುಧವಾರ ರಾತ್ರಿ ಊಟ ಮುಗಿದು ಅಡುಗೆಮನೆ ಒರೆಸಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂರುತ್ತೇನೆ. ಪಕ್ಕದಲ್ಲಿ ಫೋನು, ಅರ್ಧ ಕಪ್ ಚಹಾ. ಎಲ್ಲರಿಗೂ ಕಳಿಸುವ ಮುಂಚೆ ನಾಲ್ಕು ವಿಳಾಸಕ್ಕೆ ಟೆಸ್ಟ್ ಹೋಗುತ್ತೆ. ನನ್ನ ಅಂಗಡಿ ಹೆಸರಿನ ಡೊಮೇನ್ ವಿಳಾಸ (ಅಂದರೆ @ ಆದ ಮೇಲೆ ಅಂಗಡಿಯ ಹೆಸರೇ ಬರುವ ಇಮೇಲ್), ನನ್ನ ಜಿಮೇಲ್, ನಮ್ಮ ಮನೆಯವರ ಆಫೀಸ್ ಐಡಿ, ಗುಳೇದಗುಡ್ಡದಲ್ಲಿರುವ ಅತ್ತಿಗೆಯ ಹಳೆಯ ಯಾಹೂ. ಒಂದು ನಿಮಿಷದೊಳಗೆ ಫೋನು ಟಿಣ್ ಅನ್ನುತ್ತೆ. ಬೆರಳಲ್ಲಿ ನಿಧಾನಕ್ಕೆ ಮೇಲೆ ಸರಿಸುತ್ತಾ ಹೋಗ್ತೀನಿ: ಮೊದಲು ಒಡಲು, ಆಮೇಲೆ ಚಿಕ್ಕಿ ಪರಾಸ ಅನ್ನೋ ವಿನ್ಯಾಸದ ದಡಿ, ಕೊನೆಗೆ ಟೋಪ್ ತೆನಿ ವಿನ್ಯಾಸದ ಸೆರಗು. ಅಷ್ಟರಲ್ಲಿ ಅತ್ತಿಗೆಯ ಫೋನ್ ಬರುತ್ತೆ. "ಬಂತ ನೋಡವಾ, ಈ ಸಲ ಸೆರಗಿನ ಬಣ್ಣ ಚೊಲೊ ಕಾಣಾಕತ್ತೈತಿ." ಅವರು ಹಾಗೆ ಹೇಳಿದರೆ ನನಗೆ ಧೈರ್ಯ. ಈ ಅರ್ಧ ಗಂಟೆ ನನಗೆ ಅಷ್ಟು ಇಷ್ಟ.

2024ರ ಆಗಸ್ಟ್‌ನಲ್ಲಿ ಈ ಟೆಸ್ಟ್ ಮೇಲೇ ಕೈಕೊಟ್ಟಿತು. ಗೌರಿ-ಗಣಪತಿಗೆ ಮೂರು ವಾರ ಇತ್ತು, ಖಣ ಹೆಚ್ಚು ಹೋಗುವ ಕಾಲ. ಟೆಸ್ಟ್ ಕಳಿಸಿದೆ. ಪರದೆ ಮೇಲೆ ಹಸಿರು ಟಿಕ್, "ಕಳುಹಿಸಲಾಗಿದೆ" ಅಂತ. ನನ್ನ ಡೊಮೇನ್ ವಿಳಾಸಕ್ಕೆ ಬರಲೇ ಇಲ್ಲ. ಸ್ಪ್ಯಾಮ್ ನೋಡಿದೆ, ಇಲ್ಲ. ಸಬ್ಜೆಕ್ಟ್‌ನಲ್ಲಿ ಕನ್ನಡ ಇದ್ದದ್ದಕ್ಕೆ ಹೀಗಾಯಿತೇನೋ ಅಂತ ಇಂಗ್ಲಿಷ್ ಹಾಕಿದೆ. ಫೋಟೊ ಕಡಿಮೆ ಮಾಡಿದೆ. ಪ್ರತಿ ಸಲ ಅದೇ ಹಸಿರು ಟಿಕ್. ಸಂಜೆ ಹೊತ್ತಿಗೆ ಆ ದಿನದ ಟೆಸ್ಟ್ ಮಿತಿಯೇ ಮುಗಿದಿತ್ತು. ಹೀಗೆ ಮೂರು ದಿನ. ಗಿರಾಕಿಗಳಿಗೂ ಹೀಗೇ ಆದರೆ ಅನ್ನುವ ಭಯಕ್ಕೆ ಮೇಲ್ ಕಳಿಸಲೇ ಇಲ್ಲ.

ದಾರಿ ತೋರಿಸಿದ್ದು ಅತ್ತಿಗೆ. "ನಿನ್ನಿಯಿಂದ ಒಂದ ಮೇಲ್ ಎಷ್ಟ ಸಲ ಕಳಸಾಕತ್ತೀ? ನನಗ ಎಲ್ಲಾ ಬಂದಾವ" ಅಂದರು. ಯಾಹೂಗೆ ಬಂದಿದೆ, ಜಿಮೇಲ್‌ಗೂ ಬಂದಿದೆ. ಹಾಗಾದರೆ ಮೇಲ್ ಹೊರಟಿದೆ. ತಡೆ ಇರೋದು ನನ್ನ ಕಡೆಯ ಬಾಗಿಲಲ್ಲಿ.

ಜಿಮೇಲ್‌ನಲ್ಲಿ ಬಂದ ಮೇಲ್ ತೆರೆದು, ಬಲಗಡೆ ಮೂರು ಚುಕ್ಕಿ ಒತ್ತಿ, "ಶೋ ಒರಿಜಿನಲ್" ಅಂತ ಕೊಟ್ಟೆ. ಇದನ್ನು ಕಂಪ್ಯೂಟರ್‌ನಲ್ಲಿ ಮಾಡಬೇಕು. ಮೇಲುಗಡೆ ಎಸ್‌ಪಿಎಫ್ (ಕಳಿಸಿದ ಸರ್ವರ್‌ಗೆ ಅನುಮತಿ ಇದೆಯಾ), ಡಿಕಿಮ್ (ಮೇಲ್‌ನ ಡಿಜಿಟಲ್ ರುಜು ಸರಿ ಇದೆಯಾ), ಡಿಮಾರ್ಕ್ (ಅವೆರಡರಲ್ಲಿ ಒಂದಾದರೂ ಕಳಿಸಿದವರ ಡೊಮೇನ್‌ಗೆ ಹೊಂದುತ್ತಾ) ಅಂತ ಮೂರು ಸಾಲು. ಮೊದಲೆರಡು ಪಾಸ್. ಡಿಮಾರ್ಕ್ ಫೇಲ್. ಪಾಸ್ ಆದ ಎರಡರ ಪಕ್ಕದಲ್ಲೂ ಇದ್ದದ್ದು ನನ್ನ ಡೊಮೇನ್ ಅಲ್ಲ, ಆ ಸೇವೆಯ ಡೊಮೇನ್. ಅಂದರೆ ಕಾಗದದ ಮೇಲೆ ಹೆಸರು ನನ್ನದು, ಕೆಳಗೆ ರುಜು ಬೇರೆಯವರದು.

ಕಾರಣ ಆಮೇಲೆ ಹೊಳೆಯಿತು. ಜೂನ್‌ನಲ್ಲಿ ದುಡ್ಡು ಉಳಿಯುತ್ತೆ ಅಂತ ಡೊಮೇನನ್ನು ಬೇರೆ ಕಂಪನಿಗೆ ಬದಲಿಸಿದ್ದೆ. ಡಿಎನ್‌ಎಸ್ ಸಾಲುಗಳನ್ನೆಲ್ಲ (ಡೊಮೇನ್ ಬಗ್ಗೆ ಬೇರೆ ಸರ್ವರ್‌ಗಳು ಹುಡುಕಿ ನೋಡುವ ವಿವರ; ರುಜು ತಾಳೆ ನೋಡುವ ಡಿಕಿಮ್ ಸಾಲೂ ಇದರಲ್ಲೇ) ಹೊಸದಾಗಿ ತುಂಬಿದ್ದೆ. ಹೊಸ ಪ್ಯಾನೆಲ್‌ನಲ್ಲಿ ಹೆಸರಿನ ಕೊನೆಗೆ ಡೊಮೇನ್ ತಾನಾಗೇ ಸೇರಿಕೊಳ್ಳುತ್ತೆ. ಅದು ಗೊತ್ತಿಲ್ಲದೆ ನಾನು ಪೂರ್ತಿ ಹೆಸರು ಪೇಸ್ಟ್ ಮಾಡಿದ್ದೆ. ಡಿಕಿಮ್ ಸಾಲಿನಲ್ಲಿ ಡೊಮೇನ್ ಎರಡೆರಡು ಸಲ ಕೂತಿತ್ತು. ಹುಡುಕಿದವರಿಗೆ ಸಿಗಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ನಮ್ಮದೇ ಡೊಮೇನ್ ಹೆಸರು ಹೇಳಿಕೊಂಡು ಹೊರಗಿನ ಸರ್ವರ್‌ನಿಂದ ಬಂದ, ರುಜು ಹೊಂದದ ಮೇಲನ್ನು ನನ್ನ ಮೇಲ್‌ಬಾಕ್ಸ್ ನಕಲಿ ಅಂತ ತಿಳಿದು ಕ್ವಾರಂಟೈನ್‌ನಲ್ಲಿ ಇಟ್ಟಿತ್ತು. ಅದು ಇನ್‌ಬಾಕ್ಸ್‌ನಲ್ಲೂ ಕಾಣಲ್ಲ, ಸ್ಪ್ಯಾಮ್‌ನಲ್ಲೂ ಕಾಣಲ್ಲ. ಅಡ್ಮಿನ್ ಪುಟಕ್ಕೆ ಹೋಗಿ ನೋಡಿದರೆ ನನ್ನ ಟೆಸ್ಟ್ ಮೇಲ್‌ಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲಿ. ತಪ್ಪು ಸಾಲು ಬರೆದದ್ದು ನಾನೇ, ಒಪ್ಪುತ್ತೇನೆ. ಆದರೆ ಆ ಸೇವೆಯ ಡೊಮೇನ್ ಪುಟದಲ್ಲಿ ಆಗಲೂ "ದೃಢೀಕರಿಸಲಾಗಿದೆ" ಅಂತ ಹಸಿರು ಟಿಕ್ ಇತ್ತು. 2022ರಲ್ಲಿ ಒಮ್ಮೆ ನೋಡಿ ಹಾಕಿದ ಟಿಕ್! ಆಮೇಲೆ ಅವರು ಮತ್ತೆ ನೋಡಿಯೇ ಇಲ್ಲ. ಎರಡು ತಿಂಗಳು ನನ್ನ ಗಿರಾಕಿಗಳಿಗೆ ಬೇರೆಯವರ ರುಜುವಿನ ಮೇಲ್ ಹೋಗಿದೆ. ಟೆಸ್ಟ್ ಮೇಲ್‌ಗಂತೂ ನಮಗೆ ಕಾಣುವ ಲಾಗ್ (ಮೇಲ್‌ಗೆ ಏನಾಯಿತು ಅನ್ನುವ ದಾಖಲೆ) ಅನ್ನೋದೇ ಇಲ್ಲ. ಎದುರಿನ ಸರ್ವರ್ ಏನು ಉತ್ತರ ಕೊಟ್ಟಿತು ಅಂತ ಒಂದು ಸಾಲು ತೋರಿಸಿದ್ದರೆ ಸಾಕಿತ್ತು. ದುಡ್ಡು ಕೊಡುವವರಿಗೆ ಇಷ್ಟಾದರೂ ಬೇಕು ಅಲ್ವಾ?

ರಾತ್ರಿ ಹತ್ತಕ್ಕೆ ಅವರ ಚಾಟ್‌ನಲ್ಲಿ ಇದನ್ನೇ ಬರೆದೆ. ಸಿದ್ಧ ಉತ್ತರ ಬರುತ್ತೆ ಅಂದುಕೊಂಡಿದ್ದೆ. ಆದರೆ ಆ ಕಡೆ ಇದ್ದ ಹೆಣ್ಣುಮಗಳು ತಮ್ಮ ಕಡೆಯ ಲಾಗ್ ತೆಗೆದು, ನನ್ನ ನಾಲ್ಕೂ ವಿಳಾಸಕ್ಕೆ ಏನಾಯಿತು ಅಂತ ಸಾಲು ಸಾಲಾಗಿ ಕಳಿಸಿದರು. ನನ್ನ ಡೊಮೇನ್ ವಿಳಾಸದ ಮುಂದೆ 250 ಅಂತಿತ್ತು. 250 ಅಂದರೆ ಎದುರಿನ ಸರ್ವರ್ ಮೇಲನ್ನು ತೆಗೆದುಕೊಂಡಿದೆ ಅಂತ ಮಾತ್ರ, ಇನ್‌ಬಾಕ್ಸ್‌ಗೆ ಹಾಕಿದೆ ಅಂತ ಅಲ್ಲ ಎಂದು ಅವರೇ ವಿವರಿಸಿದರು. 550 ಇದ್ದಿದ್ದರೆ ಸರ್ವರ್ ಬಾಗಿಲಲ್ಲೇ ಬೇಡ ಅಂದ ಹಾಗೆ. 4ರಿಂದ ಶುರುವಾದರೆ ಸದ್ಯಕ್ಕೆ ಆಗಲ್ಲ, ಆಮೇಲೆ ಮತ್ತೆ ಪ್ರಯತ್ನ ಆಗುತ್ತೆ.

ಇನ್ನೊಂದು ವಿಷಯವೂ ಅವರೇ ಹೇಳಿದ್ದು. ನಮ್ಮ ಮನೆಯವರ ಐಡಿಗೆ ಟೆಸ್ಟ್ ಹೊರಟೇ ಇರಲಿಲ್ಲ. ಜುಲೈ ಮೇಲ್‌ನಲ್ಲಿ "ಅನ್‌ಸಬ್‌ಸ್ಕ್ರೈಬ್ (ಇನ್ನು ಮೇಲ್ ಬೇಡ) ಲಿಂಕ್ ಕೆಲಸ ಮಾಡುತ್ತಾ ನೋಡೋಣ" ಅಂತ ಮನೆಯವರು ಒತ್ತಿದ್ದರಂತೆ. ಅವತ್ತಿನಿಂದ ಆ ವಿಳಾಸ ತಡೆಪಟ್ಟಿಗೆ ಸೇರಿತ್ತು. ಅಲ್ಲೂ ಹಸಿರು ಟಿಕ್ಕೇ ತೋರಿಸಿದ್ದು!

ಡಿಕಿಮ್ ಸಾಲು ಸರಿ ಮಾಡಿದ ಮರುದಿನ ಬೆಳಗ್ಗೆ ಮೂರೂ ಪಾಸ್, ಪಕ್ಕದಲ್ಲಿ ನನ್ನ ಡೊಮೇನ್ ಹೆಸರು. ಅವತ್ತೇ ಎಲ್ಲರಿಗೂ ಕಳಿಸಿದೆ. ಗೌರಿಗೆ ಖಣ ಕೇಳಿ ಸಂಜೆಯೊಳಗೆ ಉತ್ತರ ಬರಲು ಶುರುವಾಯಿತು.

ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿದೆ. ದಿನಕ್ಕೆ ಜಿಮೇಲ್‌ಗೇ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಈ ಮೂರೂ ಬೇಕು. ನನ್ನಂಥ ಸಣ್ಣವರಿಗೂ ಎಸ್‌ಪಿಎಫ್, ಡಿಕಿಮ್‌ನಲ್ಲಿ ಒಂದಾದರೂ ಇರಲೇಬೇಕು. ಹಾಗಾಗಿ ಡೊಮೇನ್ ಬದಲಿಸಿದವರು ಮೊದಲು "ಶೋ ಒರಿಜಿನಲ್" ನೋಡಿ. ಇನ್ನೊಂದು, ಒಂದೇ ಮೇಲ್‌ಗೆ ತುಂಬಾ ಸೀರೆ ತುರುಕಬೇಡಿ. ಬರಹ, ಕೋಡ್ ಸೇರಿ 102 ಕೆಬಿ ದಾಟಿದರೆ ಜಿಮೇಲ್ ಕೆಳಭಾಗವನ್ನು ಮಡಿಚಿಡುತ್ತೆ, ಅನ್‌ಸಬ್‌ಸ್ಕ್ರೈಬ್ ಲಿಂಕ್ ಕಾಣದೆ ಹೋಗುತ್ತೆ. ಲಿಂಕ್ ಆಗಿ ಬರುವ ಫೋಟೊ ಇದರಲ್ಲಿ ಲೆಕ್ಕಕ್ಕಿಲ್ಲ.

ಈ ವರ್ಷವೂ ಪ್ಲ್ಯಾನ್ ಮುಂದುವರಿಸಿದ್ದೇನೆ. ಆ ಹೆಣ್ಣುಮಗಳ ಉತ್ತರ ಬಾರದಿದ್ದರೆ ಖಂಡಿತ ಬಿಡುತ್ತಿದ್ದೆ. ಐದರಲ್ಲಿ ಮೂರೂವರೆ ನಕ್ಷತ್ರ. ಟೆಸ್ಟ್ ಮೇಲ್‌ಗೆ ಲಾಗ್ ಕೊಟ್ಟ ದಿನ ಇನ್ನೊಂದು ಸೇರಿಸುತ್ತೇನೆ. ಈಗ ನಾನು ಹಸಿರು ಟಿಕ್ ನೋಡಲ್ಲ. ಗುಳೇದಗುಡ್ಡದಿಂದ ಫೋನ್ ಬರಬೇಕು, ನನ್ನ ಡೊಮೇನ್ ಬಾಕ್ಸ್‌ನಲ್ಲಿ ಸೆರಗು ಕಾಣಬೇಕು. ಆಮೇಲೆಯೇ 640 ಜನಕ್ಕೆ ಒತ್ತುತ್ತೇನೆ.